ಕಂತೆಗೆ ತಕ್ಕ ಬೊಂತ

"ಮೇಷ್ಟ್ರೇ, ನೀವಾದ್ರೂ ಒಂದು ಮಾತು ಹೇಳಿ. ಬರೋ ವರ್ಷ ಎಸ್ಸೆಸ್ಸೆಲ್ಸಿ. ಇವಳು ನೋಡಿದ್ರೆ ಸ್ಕೂಲಿಂದ ಬಂದೋಳೇ ಅವರಜ್ಜಿ ಜೊತೆ ಕುತ್ಕೊಂಡು ಚಿಂದಿ ಹೊಲೀತಾಳೆ!"

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಡಿಸೆಂಬರ್ ತಿಂಗಳ ಒಂದು ಭಾನುವಾರ. ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದಾಗ ಆಕೆಯ ತಂದೆ ನನ್ನ ಮುಂದಿಟ್ಟ ದೂರು ಇದು. ನಡುಮನೆಯ ನೆಲದ ಮೇಲೆ ಹಳೆಯ ಸೀರೆಯೊಂದು ಹಾಸಿತ್ತು. ಅದರ ಮೇಲೆ ಕೆಂಪು, ಹಳದಿ, ಗಿಳಿಹಸಿರು, ನೇರಳೆ, ಹೂವಿನದು, ಚುಕ್ಕೆಯದು, ಪಟ್ಟೆಯದು ಹೀಗೆ ನೂರಾರು ಬಟ್ಟೆಯ ತುಂಡುಗಳು. ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಮೊಮ್ಮಗಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಸೂಜಿಗೆ ದಾರ ಪೋಣಿಸುವ ಕೆಲಸ ಮೊಮ್ಮಗಳದು. ಹೊಲಿಗೆ ಮಾತ್ರ ಅಜ್ಜಿಗೆ ಕಣ್ಣು ಬೇಡದಷ್ಟು ಅಭ್ಯಾಸವಾಗಿ ಹೋಗಿದೆ.

ಬುದ್ಧಿ ಹೇಳಲು ಹೋದವನು ನಾನು. ಅಲ್ಲಿಯೇ ಕುಳಿತು ಎರಡು ಗಂಟೆ ಪಾಠ ಕಲಿತು ಬಂದೆ. ಆ ಪಾಠವನ್ನು ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಿಯರಿಗೂ ತಲುಪಿಸುವುದಷ್ಟೇ ಈ ಲೇಖನದ ಉದ್ದೇಶ.

ಹೆಸರು ಹಲವು, ಹೊದಿಕೆ ಒಂದು

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಲ್ಲಿ ಹೊಲಿದ ಹೊದಿಕೆಗೆ ನಮ್ಮ ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆ 'ಬೊಂತ' ಎನ್ನುತ್ತಾರೆ. ಆಂಧ್ರದ ಗಡಿಯಲ್ಲಿರುವ ನಮಗೆ ಈ ಮಾತು ಕನ್ನಡವೋ ತೆಲುಗೋ ಎಂಬ ಜಗಳವಿಲ್ಲ. ಅದು ಎರಡೂ ಹೌದು. ಉತ್ತರ ಕರ್ನಾಟಕದಲ್ಲಿ ಇದೇ 'ಕೌದಿ'. ಸಂಸ್ಕೃತದ 'ಕಂಥಾ' ಕನ್ನಡಕ್ಕೆ ಬಂದು 'ಕಂತೆ' ಆಯಿತು. ಬಂಗಾಳದ ಪ್ರಸಿದ್ಧ 'ಕಾಂಥಾ' ಕಸೂತಿಯ ಹೆಸರೂ ಅದೇ ಮೂಲದ್ದು. 'ಕಂತೆಗೆ ತಕ್ಕ ಬೊಂತೆ' ಎಂದು ನಾವು ಹಾಸ್ಯಕ್ಕೆ ಆಡುವ ಗಾದೆಯಲ್ಲಿ ಎರಡೂ ಶಬ್ದಗಳು ಅಕ್ಕಪಕ್ಕ ಕುಳಿತಿವೆ. ಮಹಾರಾಷ್ಟ್ರಕ್ಕೆ ಹೋದರೆ ಗೋಧಡಿ, ಬಿಹಾರದಲ್ಲಿ ಸುಜನಿ.

ಇದು ಇಂದು ನಿನ್ನೆಯ ವಿದ್ಯೆಯಲ್ಲ. ಬೌದ್ಧ ಭಿಕ್ಷುಗಳ ಚೀವರವನ್ನು ತುಂಡು ಬಟ್ಟೆ ಜೋಡಿಸಿಯೇ ಹೊಲಿಯಬೇಕೆಂಬ ನಿಯಮವಿತ್ತು. ಮಗಧದ ಗದ್ದೆಗಳ ಬದುಗಳನ್ನು ನೋಡಿ ಅದೇ ಮಾದರಿಯಲ್ಲಿ ಆನಂದನು ಚೀವರವನ್ನು ರೂಪಿಸಿದನೆಂದು ವಿನಯಪಿಟಕ ಹೇಳುತ್ತದೆ. ಅಂತರಗಂಗೆ ಬೆಟ್ಟ ಹತ್ತಿ ಕೆಳಗೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟೊಮೆಟೊ, ರಾಗಿ, ಹಿಪ್ಪುನೇರಳೆ, ಮಾವು ಎಲ್ಲ ಸೇರಿ ನಮ್ಮ ಸೀಮೆಯೇ ಒಂದು ಬೊಂತದ ಹಾಗೆ ಕಾಣುತ್ತದೆ!

ನಾನು ಬಚ್ಚಿಟ್ಟ ಬೊಂತ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. 1988ರಲ್ಲಿ ಬಿಎಸ್ಸಿ ಓದಲು ಬೆಂಗಳೂರಿಗೆ ಹೊರಟಾಗ ಅಮ್ಮ ಟ್ರಂಕಿನಲ್ಲಿ ಒಂದು ಬೊಂತ ಇಟ್ಟಿದ್ದರು. ಹಾಸ್ಟೆಲಿನಲ್ಲಿ ಮೊದಲ ರಾತ್ರಿ ಅದನ್ನು ಬಿಡಿಸಿದಾಗ ಕೊಠಡಿಯ ಗೆಳೆಯನೊಬ್ಬ, "ಏನೋ ಇದು, ಚಿಂದಿ ಆಯೋರ ಗಂಟು ತಂದಿದೀಯಾ?" ಎಂದು ನಕ್ಕ. ಉಳಿದವರೂ ನಕ್ಕರು. ಮರುದಿನದಿಂದ ಬೊಂತ ಟ್ರಂಕಿನ ತಳ ಸೇರಿತು. ಚಳಿಗಾಲವನ್ನು ಒಂದು ತೆಳು ದುಪ್ಪಟಿಯಲ್ಲಿ ನಡುಗುತ್ತ ಕಳೆದೆ. ಸಂಕ್ರಾಂತಿಗೆ ಊರಿಗೆ ಬಂದಾಗ ಬೊಂತವನ್ನು ವಾಪಸು ತಂದು, "ಇದು ಬೇಡಮ್ಮ, ಅವಮಾನ ಆಗುತ್ತೆ" ಎಂದೆ. ಅಮ್ಮ ಏನೂ ಹೇಳಲಿಲ್ಲ. ಕೋಲಾರದ ಪೇಟೆಯಿಂದ ಒಂದು ಕಂಬಳಿ ತರಿಸಿ ಕೊಟ್ಟರು. ಆಮೇಲೆ ನನಗೆಂದು ಬೊಂತ ಹೊಲಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅಮ್ಮ ಹೋದ ನಂತರ, ಅಟ್ಟದಿಂದ ಅದನ್ನು ಇಳಿಸಿ ಬಿಸಿಲಿಗೆ ಹಾಕಿದೆ. ನಡುವಿನಲ್ಲಿದ್ದ ನೀಲಿ ಚೌಕಳಿ ತುಂಡು ನಾನು ಏಳನೇ ತರಗತಿಯಲ್ಲಿದ್ದಾಗ ತೀರಿಕೊಂಡ ಅಪ್ಪನ ಅಂಗಿಯದು ಎಂದು ಆಗ ಗೊತ್ತಾಯಿತು. ಅದು ನಡುವಿನಲ್ಲಿ, ಹೊದ್ದರೆ ಎದೆಯ ಮೇಲೆ ಬರುವ ಜಾಗದಲ್ಲಿತ್ತು. ಅಮ್ಮ ಅದನ್ನು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ಬೊಂತವನ್ನು ಈಗ ಹಾಡಿ ಹೊಗಳುವುದು ಸುಲಭ. ಆದರೆ ನಮ್ಮ ಅಜ್ಜಿಯರು ಅದನ್ನು ಹೊಲಿದದ್ದು ಶೋಕಿಗಲ್ಲ. ಮನೆಮಂದಿಗೆಲ್ಲ ಕಂಬಳಿ ಕೊಳ್ಳಲು ಕಾಸಿರಲಿಲ್ಲ. ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿರುವ ನಮ್ಮ ಜಿಲ್ಲೆಯಲ್ಲಿ ಧನುರ್ಮಾಸದ ಬೆಳಗಿನ ಚಳಿ ಸಾಮಾನ್ಯವಲ್ಲ. ಬಡತನ ಕೊಟ್ಟ ಕಷ್ಟದಲ್ಲೂ ಬಣ್ಣ ಆರಿಸಿದರಲ್ಲ, ಅಂದ ನೋಡಿದರಲ್ಲ, ಅದು ಅವರ ದೊಡ್ಡತನ. ನಾಚಬೇಕಾದದ್ದು ಬಡತನಕ್ಕಲ್ಲ, ಆ ದೊಡ್ಡತನವನ್ನು ಗುರುತಿಸದ ನಮ್ಮ ಕಣ್ಣಿಗೆ.

ಲೆಕ್ಕದಲ್ಲಿ ಗೆದ್ದ ಅಜ್ಜಿ

ಮತ್ತೆ ಆ ನಡುಮನೆಗೆ ಬರೋಣ. ಹುಡುಗಿ ನೋಟ್ ಪುಸ್ತಕದಲ್ಲಿ ಲೆಕ್ಕ ಬರೆದುಕೊಂಡಿದ್ದಳು. ಹೊಲಿದ ಮೇಲೆ ಒಂದೊಂದು ಚೌಕವೂ 5 ಅಂಗುಲ ಇರಬೇಕು. ಅಡ್ಡಕ್ಕೆ 10, ಉದ್ದಕ್ಕೆ 14, ಒಟ್ಟು 140 ಚೌಕ. ಅಂದರೆ 50 ಅಂಗುಲ ಅಗಲ, 70 ಅಂಗುಲ ಉದ್ದದ ಬೊಂತ. ಹೊಲಿಗೆಗೆಂದು ನಾಲ್ಕೂ ಕಡೆ ಅರ್ಧ ಅಂಗುಲ ಬಿಡಬೇಕಾದ್ದರಿಂದ ಕತ್ತರಿಸುವಾಗ ಚೌಕ 6 ಅಂಗುಲದ್ದು.

"ಸಾರ್, ನೋಡಿ. 140 ಚೌಕಕ್ಕೆ 36ರಂತೆ 5,040 ಚದರ ಅಂಗುಲ ಬಟ್ಟೆ ಬೇಕು. ಹೊಲಿದಾದ ಮೇಲೆ ಉಳಿಯೋದು 3,500. ನೂರಕ್ಕೆ 30ಕ್ಕಿಂತ ಜಾಸ್ತಿ ಬಟ್ಟೆ ನಷ್ಟ!"

ಒಳ್ಳೆಯ ಲೆಕ್ಕ. ನಾನೂ ಮೇಷ್ಟರ ಗತ್ತಿನಲ್ಲಿ ಒಂದು ಮಾತು ಸೇರಿಸಿದೆ: "ಚೌಕ ದೊಡ್ಡದು ಮಾಡಿದರೆ ನಷ್ಟ ಕಡಿಮೆ. 10 ಅಂಗುಲದ ಚೌಕವಾದರೆ 35 ಸಾಕು. ಕತ್ತರಿಸುವುದು 11 ಅಂಗುಲ. ಬೇಕಾಗುವ ಬಟ್ಟೆ 4,235 ಚದರ ಅಂಗುಲ. ನಷ್ಟ ನೂರಕ್ಕೆ 17ರಷ್ಟು." ತುಂಡು ಚಿಕ್ಕದಾದಷ್ಟೂ ಅದರ ವಿಸ್ತೀರ್ಣಕ್ಕೆ ಹೋಲಿಸಿದರೆ ಅಂಚು ಹೆಚ್ಚು. ಕಲ್ಲುಸಕ್ಕರೆಗಿಂತ ಪುಡಿ ಸಕ್ಕರೆ ಬೇಗ ಕರಗುವುದಕ್ಕೂ ಇಂಥದೇ ಕಾರಣ. ಪುಡಿ ಮಾಡಿದಷ್ಟೂ ನೀರಿಗೆ ತಾಕುವ ಮೇಲ್ಮೈ ಹೆಚ್ಚುತ್ತದೆ.

ಅಜ್ಜಿ ಸೂಜಿ ನಿಲ್ಲಿಸಿ ನಕ್ಕರು. "ನಷ್ಟ ಅಂತೀರಲ್ಲ ಮೇಷ್ಟ್ರೇ, ಆ ಬಟ್ಟೆ ಎಲ್ಲಿಗೋಯ್ತು? ಒಳಗೇ ಐತಲ್ಲ!"

ನಾನು ತೆಪ್ಪಗಾದೆ. ಹೌದು, ಒಳಕ್ಕೆ ಮಡಚಿದ ಅಂಚು ಬೊಂತದೊಳಗೇ ಇದೆ. 3,500 ಚದರ ಅಂಗುಲದಲ್ಲಿ 5,040 ಚದರ ಅಂಗುಲ ಬಟ್ಟೆ ಕುಳಿತಿದೆ ಎಂದರೆ, ಒಂದು ಪದರ ಎನ್ನಿಸುವ ಮೇಲ್ಭಾಗ ಸರಾಸರಿಯಲ್ಲಿ 1.44 ಪದರದಷ್ಟು ದಪ್ಪ. ನಾವು ನಷ್ಟದ ಕಾಲಂನಲ್ಲಿ ಬರೆದದ್ದನ್ನು ಅಜ್ಜಿ ಬೆಚ್ಚಗಿನ ಕಾಲಂನಲ್ಲಿ ಬರೆದಿದ್ದರು.

ಬೆಚ್ಚಗಿಡುವುದು ಬಟ್ಟೆಯಲ್ಲ!

ಬೊಂತ ಏಕೆ ಬೆಚ್ಚಗಿರುತ್ತದೆ? ಅದು ಶಾಖವನ್ನು ಉಂಟುಮಾಡುವುದಿಲ್ಲ. ನಮ್ಮ ಮೈಯ ಶಾಖ ಹೊರಗೆ ಹೋಗುವುದನ್ನು ತಡೆಯುತ್ತದೆ, ಅಷ್ಟೆ. ತಡೆಯುವ ಕೆಲಸದಲ್ಲಿ ಬಟ್ಟೆಗಿಂತ ಹೆಚ್ಚಿನ ಪಾಲು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯದು. ಅಲುಗಾಡದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನೀರಿನ ಶಾಖವಾಹಕತೆ ಗಾಳಿಗಿಂತ 20 ಪಟ್ಟಿಗೂ ಹೆಚ್ಚು. ಒದ್ದೆ ಬೊಂತ ಹೊದ್ದರೆ ಇನ್ನಷ್ಟು ಚಳಿಯಾಗುವುದು ಇದರಿಂದಲೇ. ನೀರು ಆವಿಯಾಗುವಾಗ ಮೈಯ ಶಾಖವನ್ನು ಹೀರುವುದೂ ಇದಕ್ಕೆ ಸೇರುತ್ತದೆ. ಮಳೆಗಾಲ ಕಳೆದ ಮೇಲೆ ಹೊದಿಕೆಗಳನ್ನು ಬಿಸಿಲಿಗೆ ಹಾಕುವ ಪದ್ಧತಿಯ ಹಿಂದೆ ಈ ವಿಜ್ಞಾನವಿದೆ.

ಹೊಲಿಗೆಗೂ ಇದರಲ್ಲಿ ಪಾತ್ರವಿದೆ. ಹೊಲಿಗೆ ತೀರ ವಿರಳವಾದರೆ ಪದರಗಳು ಜಾರಿ ಒಂದೆಡೆ ಗಂಟಾಗುತ್ತವೆ. ತೀರ ಒತ್ತಾದರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಬೆರಳಗಲಕ್ಕೊಂದು ಸಾಲಿನಿಂದ ಎರಡು ಬೆರಳಗಲಕ್ಕೊಂದು ಸಾಲಿನವರೆಗೆ ಎಂಬುದು ಅಜ್ಜಿಯರ ಅಳತೆ.

ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಿಗೆ ಒಂದೇ ಪ್ರಮಾಣದ ಬಿಸಿನೀರು ಹಾಕಿ ತಟ್ಟೆ ಮುಚ್ಚಿ. ಒಂದಕ್ಕೆ ಏನೂ ಸುತ್ತಬೇಡಿ. ಇನ್ನೊಂದಕ್ಕೆ ಹಳೆಯ ಹತ್ತಿ ಬಟ್ಟೆಯನ್ನು ನಾಲ್ಕು ಪದರ ಸಡಿಲವಾಗಿ ಸುತ್ತಿ. ಮೂರನೆಯದಕ್ಕೆ ಅದೇ ನಾಲ್ಕು ಪದರವನ್ನು ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿ. 5 ನಿಮಿಷಕ್ಕೊಮ್ಮೆ ಉಷ್ಣಮಾಪಕದಲ್ಲಿ ನೋಡಿ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಬೊಂತದ ಗುಟ್ಟು ನಿಮ್ಮ ಕೈಯಲ್ಲೇ ಬಿಡಿಸಿಕೊಳ್ಳುತ್ತದೆ.

ಬೀರುವಿನಲ್ಲಿ ಮಲಗಿದ ಸಂಪತ್ತು

ಬಟ್ಟೆ ಎಲ್ಲಿಂದ ತರುವುದು? ಅಮ್ಮನ ಬೀರು ತೆರೆಯಿರಿ. ಅರಿಶಿನ ಕುಂಕುಮಕ್ಕೆ, ಗೃಹಪ್ರವೇಶಕ್ಕೆ, ಸೀಮಂತಕ್ಕೆ ಹೋದಲ್ಲೆಲ್ಲ ತಾಂಬೂಲದ ಜೊತೆ ಕೊಟ್ಟ ಬ್ಲೌಸ್ ಪೀಸುಗಳು ಅಲ್ಲಿ ಮಡಿಕೆ ಮುರಿಯದೆ ಮಲಗಿರುತ್ತವೆ. ಅವುಗಳಲ್ಲಿ ಹೊಲಿಸಿಕೊಳ್ಳುವುದು ಕಡಿಮೆ, ಇನ್ನೊಬ್ಬರಿಗೆ ದಾಟಿಸುವುದೇ ಹೆಚ್ಚು. ಮಾಲೂರಿನಲ್ಲಿ ಕೊಟ್ಟದ್ದು ಮುಳಬಾಗಿಲು ಸುತ್ತಿ ಮತ್ತೆ ಮಾಲೂರಿಗೇ ಬಂದರೂ ಆಶ್ಚರ್ಯವಿಲ್ಲ! ಸುಮಾರು 80 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ ಒಂದು ಪೀಸಿನಲ್ಲಿ 6 ಅಂಗುಲದ 25 ಚೌಕ ಸಲೀಸಾಗಿ ಬರುತ್ತವೆ. ಲೆಕ್ಕಕ್ಕೆ ಆರು ಪೀಸು ಸಾಕು. ಬಣ್ಣ ಕಟ್ಟಬೇಕಾದರೆ ಹತ್ತು ಹನ್ನೆರಡು ಬಗೆ ಇದ್ದರೆ ಚೆನ್ನ. ಜೊತೆಗೆ ಗಿಡ್ಡವಾದ ಲಂಗ, ಕಾಲರ್ ಸವೆದ ಅಂಗಿ, ಹಳೆಯ ಸಮವಸ್ತ್ರ, ಪಕ್ಕದ ಟೈಲರ್ ಅಂಗಡಿಯ ಚೂರುಗಳು.

ಎಲ್ಲ ಬಟ್ಟೆಯೂ ಬೊಂತಕ್ಕೆ ಆಗದು. ಹತ್ತಿಯೋ ಅಲ್ಲವೋ ತಿಳಿಯಲು ಒಂದೆರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿರುವ ತಟ್ಟೆಯ ಮೇಲೆ ಸುಟ್ಟು ನೋಡಿ. ದೊಡ್ಡವರು ಪಕ್ಕದಲ್ಲಿರಲೇಬೇಕು. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಹಗುರ ಬೂದಿಯಾಗುತ್ತದೆ. ರೇಷ್ಮೆಯದು ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಬೆವರು ಹೀರದು, ಬೆಂಕಿ ತಾಕಿದರೆ ಕರಗಿ ಮೈಗೆ ಅಂಟುತ್ತದೆ. ಎಳೆ ಮಕ್ಕಳ ಬೊಂತಕ್ಕೆ ಅದು ಬೇಡ. ಹತ್ತಿಗೂ ಬೆಂಕಿ ಹತ್ತುತ್ತದೆ. ಯಾವ ಬೊಂತವನ್ನೂ ಒಲೆಯ ಹತ್ತಿರ ತರಬಾರದು.

ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ನೆನೆಸಿ ಒಣಗಿಸಿ. ಇಲ್ಲವಾದರೆ ಆಮೇಲೆ ಒಂದು ತುಂಡು ಕುಗ್ಗಿ ಪಕ್ಕದ್ದನ್ನು ಎಳೆಯುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಆ ತುಂಡನ್ನು ದೂರವಿಡಿ.

ಹೊಲಿಯುವ ಬಗೆ

ಮೊದಲು ರಟ್ಟಿನಲ್ಲಿ 6 ಅಂಗುಲದ ಚೌಕ ಕತ್ತರಿಸಿಕೊಳ್ಳಿ. ಅದನ್ನಿಟ್ಟು ಪೆನ್ಸಿಲಿನಿಂದ ಗುರುತು ಹಾಕಿ, ಬಟ್ಟೆಯ ಎಳೆಯ ದಿಕ್ಕಿನಲ್ಲೇ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ಬಟ್ಟೆ ಜಗ್ಗುತ್ತದೆ.

ಚೌಕಗಳನ್ನು ನೆಲದ ಮೇಲೆ ಹರಡಿ, ದೂರ ನಿಂತು ನೋಡಿ, ಬದಲಾಯಿಸಿ. ಇಲ್ಲಿ ಒಂದು ವಿಜ್ಞಾನದ ಕಥೆಯುಂಟು. ಪ್ಯಾರಿಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥನಾಗಿದ್ದ ಶೆವ್ರೇಲ್ ಎಂಬ ರಸಾಯನ ವಿಜ್ಞಾನಿಗೆ ಕಪ್ಪು ಬಣ್ಣ ಮಂಕಾಗಿ ಕಾಣುತ್ತದೆಂಬ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ಬಣ್ಣವೇ ಅದನ್ನು ಮಂಕಾಗಿಸುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಕಣ್ಣಿಗೆ ಒಂದನ್ನೊಂದು ಬದಲಿಸುತ್ತವೆ ಎಂದು ಆತ 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ನಮ್ಮ ಅಜ್ಜಿ ಹೇಳಿದ್ದೂ ಅದೇ: "ಎಲ್ಲಾ ಮಿರಮಿರ ಅಂದ್ರೆ ಯಾವ್ದೂ ಕಾಣಾಕಿಲ್ಲ. ನಡುವೆ ಒಂದೊಂದು ಮಾಸಲು ಇಕ್ಕು ಪಾಪ." ಕೆಂಪಿನ ಪಕ್ಕ ಹಸಿರು, ಹಳದಿಯ ಪಕ್ಕ ನೇರಳೆ, ಅಲ್ಲಲ್ಲಿ ಕಡು ನೀಲಿಯೋ ಕಂದೋ ಇಟ್ಟರೆ ಬೊಂತ ಝಗ್ಗನೆ ಎದ್ದು ಬರುತ್ತದೆ.

ಅಡ್ಡಸಾಲಿನ 10 ಚೌಕಗಳನ್ನು ಮೊದಲು ಜೋಡಿಸಿ. ದಿನಕ್ಕೊಂದು ಸಾಲಾದರೆ 14 ದಿನ. ಆಮೇಲೆ ಸಾಲುಗಳನ್ನು ಒಂದಕ್ಕೊಂದು ಸೇರಿಸಿ. ಜೋಡಣೆಯ ಹೊಲಿಗೆಯ ಒಟ್ಟು ಉದ್ದ 1,280 ಅಂಗುಲ, ಅಂದರೆ ಸುಮಾರು 32 ಮೀಟರ್. ಇದು ಹೇಗೆ ಬಂತೆಂದು ನೀವೇ ಲೆಕ್ಕ ಮಾಡಿ ನೋಡಿ.

ಒಳಪದರ ಮತ್ತು ಅಡಿಪದರಕ್ಕೆ ಮೆತ್ತಗಾದ ಹತ್ತಿ ಸೀರೆ ಒಂದು ಸಾಕು. ಐದೂವರೆ ಮೀಟರಿನ ಸೀರೆಯಲ್ಲಿ 1.35 ಮೀಟರಿನ 4 ತುಂಡು ಬರುತ್ತವೆ. ಎರಡೆರಡನ್ನು ಅಂಚಿಗೆ ಅಂಚು ಸೇರಿಸಿದರೆ ಎರಡು ಪದರ ಸಿದ್ಧ. ಅವನ್ನು ಸುಕ್ಕಿಲ್ಲದಂತೆ ಹಾಸಿ, ಮೇಲೆ ಚೌಕಗಳ ಪದರವಿಟ್ಟು, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ನಂತರ ದಪ್ಪ ದಾರದಲ್ಲಿ ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಸಾದಾ ಹೊಲಿಗೆ. ಕೊನೆಗೆ ಅಡಿಪದರದ ಹೆಚ್ಚುವರಿ ಅಂಚನ್ನು ಮೇಲಕ್ಕೆ ಮಡಚಿ ಹೊಲಿದು ಕಚ್ಚಾ ಹೊಲಿಗೆಯನ್ನು ಬಿಚ್ಚಿಬಿಡಿ. ಅಂಗುಲಕ್ಕೊಂದರಂತೆ ಉದ್ದಕ್ಕೆ 49 ಸಾಲು ಹಾಕಿದರೆ ಸೂಜಿ 87 ಮೀಟರ್ ನಡೆದಿರುತ್ತದೆ. ಅಂಗುಲಕ್ಕೆ ನಾಲ್ಕು ಹೊಲಿಗೆಯೆಂದರೂ 13,720 ಹೊಲಿಗೆ! ಬೊಂತಕ್ಕೆ ಬೆಲೆ ಕಟ್ಟುವವರು ಇದನ್ನೂ ಎಣಿಸಬೇಕು.

ಚಿಂದಿಗೆ ಸಿಕ್ಕ ಮನ್ನಣೆ

ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಗಳ ಮೂಲೆಗಳಲ್ಲಿ ಮಡಚಿದ ಬಟ್ಟೆಯ 'ಫೂಲ್' ಇರುತ್ತದೆ. ಹೂವಿಲ್ಲದಿದ್ದರೆ ಕವಂದಿ ಪೂರ್ತಿಯಾದಂತಲ್ಲ ಎಂಬುದು ಅವರ ನಂಬಿಕೆ. ಆ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಅಲಬಾಮ ರಾಜ್ಯದ ಗೀಸ್ ಬೆಂಡ್ ಎಂಬ ಬಡ ಹಳ್ಳಿಯ ಕಪ್ಪು ಜನಾಂಗದ ಹೆಂಗಸರು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾ ಸಂಗ್ರಹಾಲಯದ ಗೋಡೆಯೇರಿದವು. 2006ರಲ್ಲಿ ಅವುಗಳ ಚಿತ್ರಗಳು ಆ ದೇಶದ ಅಂಚೆಚೀಟಿಗಳಾದವು. ಹಾಸ್ಟೆಲಿನಲ್ಲಿ ನಾನು ಬಚ್ಚಿಟ್ಟದ್ದು ಇಂಥದನ್ನೇ ಎಂದು ನೆನೆದರೆ ಈಗ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ.

ಇನ್ನೊಂದು ಮಾತು. ಒಂದು ಹತ್ತಿ ಟೀ ಶರ್ಟಿನ ಹಿಂದೆ, ಹತ್ತಿ ಬೆಳೆಯುವುದರಿಂದ ಹಿಡಿದು, ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆಂಬ ಅಂದಾಜಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. 2018ರಿಂದ ಬೆಂಗಳೂರು ಬಳಸಿ ಬಿಟ್ಟ ನೀರನ್ನೇ ಸಂಸ್ಕರಿಸಿ ತಂದು ನಮ್ಮ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಒಮ್ಮೆ ಬಳಸಿದ್ದಕ್ಕೆ ಇನ್ನೊಂದು ಬಾಳು ಕೊಡುವುದು ಏನೆಂದು ಕೋಲಾರದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಬೊಂತವೂ ಹಾಗೆಯೇ. ಹೊದ್ದು ಸವೆದರೆ ಹಾಸು, ಹಾಸು ಸವೆದರೆ ಬಾಗಿಲ ಬಳಿಯ ಕಾಲೊರಸು, ಕೊನೆಗೆ ಒಲೆಯ ಬಳಿಯ ಮಸಿಬಟ್ಟೆ.

ತಂದೆಗೆ ನಾನು ಹೇಳಿದ್ದು

ಹೊರಡುವಾಗ ಆ ತಂದೆಗೆ ಇಷ್ಟೇ ಹೇಳಿದೆ: "ನಿಮ್ಮ ಮಗಳು ಕ್ಷೇತ್ರಗಣಿತ, ಶೇಕಡಾವಾರು, ಶಾಖವಾಹಕತೆ ಮೂರನ್ನೂ ನೆಲದ ಮೇಲೆ ಕೂತು ಕಲಿತಿದ್ದಾಳೆ. ದಿನಕ್ಕೆ ಒಂದು ಸಾಲು, ಮುಕ್ಕಾಲು ಗಂಟೆ. ಅಷ್ಟು ಹೊತ್ತು ಮೊಬೈಲ್ ಮುಟ್ಟಲ್ಲ. ಪರೀಕ್ಷೆ ಪ್ರತಿವರ್ಷ ಬರುತ್ತೆ. ಅಜ್ಜಿಯ ಕೈ ಪ್ರತಿವರ್ಷ ಇರಲ್ಲ." ಅಜ್ಜಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದೆಂದೂ ಸೇರಿಸಿದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಜನವರಿಯಲ್ಲಿ ಒಂದು ದಿನ ಹುಡುಗಿ ಶಾಲೆಯ ವರಾಂಡದಲ್ಲಿ ಸಿಕ್ಕಳು. "ಸಾರ್, ಬೊಂತ ಮುಗೀತು. 14 ಅಲ್ಲ, 15 ಸಾಲು."

"ಅದ್ಯಾಕಮ್ಮ ಒಂದು ಸಾಲು ಜಾಸ್ತಿ?"

"ಅಪ್ಪ ಅವರ ಹಳೇ ಅಂಗಿ ಎರಡು ತಂದುಕೊಟ್ರು ಸಾರ್. 'ನೀನು ಇನ್ನೂ ಬೆಳೀತೀಯ, ಉದ್ದ ಇರಲಿ' ಅಂದ್ರು."

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅದು ಸರಿಯಾದ ಮಾತೇ. ಆದರೆ ಬೊಂತ ಹೊಲಿಯಲು ಬಲ್ಲ ಮನೆಯಲ್ಲಿ, ಮಕ್ಕಳ ಕಾಲು ಉದ್ದವಾದರೆ ಇನ್ನೊಂದು ಸಾಲು ಸೇರಿಸಲೂ ಬರುತ್ತದೆ.